ಎದುರು ಕುರ್ಚಿಯ ಪಾಠ

ಸೂಟು, ಟೈ, ದೊಡ್ಡ ಹೋಟೆಲಿನ ಸಭಾಂಗಣ ಯಾವುದೂ ಬೇಡ. ಒಂದು ತರಗತಿ, ಒಂದು ಡಬ್ಬಿ ಚೀಟಿ, ಎರಡು ಹಾಳೆ ಅಂಕಿ ಅಂಶ ಇದ್ದರೆ ನಮ್ಮ ಮಕ್ಕಳು ಸಂಧಾನದ ಮೇಜಿಗೆ ಕೂರಬಲ್ಲರು. ಅದನ್ನು ನಡೆಸುವುದು ಹೇಗೆ?

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ. ಕಾವೇರಿ ಸಂಧಾನದ ಆಟಕ್ಕೆ ಪಾತ್ರ ಹಂಚಲು ಸಮಾಜ ವಿಜ್ಞಾನದ ಮೇಷ್ಟ್ರು ಚೀಟಿ ತುಂಬಿದ ಸ್ಟೀಲ್ ಡಬ್ಬಿ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಕಿಟಕಿಯಾಚೆ ನಾಲೆ ಬಯಲು, ಕಬ್ಬಿನ ಗದ್ದೆ. ಮೂರನೇ ಸಾಲಿನ ಹುಡುಗಿಯೊಬ್ಬಳು ಚೀಟಿ ಬಿಚ್ಚಿ ಓದಿದವಳೇ, ಮಡಿಚಿ ಮತ್ತೆ ಡಬ್ಬಿಗೆ ಹಾಕಲು ಹೋದಳು.

“ಇದು ಬ್ಯಾಡ ಸಾರ್. ನಾನು ತಮಿಳುನಾಡು ಆಗಕಿಲ್ಲ.”

“ಯಾಕಮ್ಮಾ?”

“ನಮ್ಮಪ್ಪಂಗೆ ಗೊತ್ತಾದ್ರೆ ಬೈತಾರೆ. ನೀರು ಬುಟ್ಟಾಗ ನಮ್ಮಪ್ಪ ರೋಡಲ್ಲಿ ಕುಂತಿದ್ರು.”

ತರಗತಿಯಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದ ಬಹುತೇಕ ಮಕ್ಕಳ ಅಪ್ಪಂದಿರು ಒಂದಲ್ಲ ಒಂದು ಸಲ ರಸ್ತೆಯಲ್ಲಿ ಕೂತವರೇ. ಮೇಷ್ಟ್ರು ಚೀಟಿಯನ್ನು ಅವಳ ಕೈಗೇ ವಾಪಸು ಕೊಟ್ಟರು. “ನಿಮ್ಮಪ್ಪನ ಮಾತು ನಿಂಗೆ ಚೆನ್ನಾಗಿ ಗೊತ್ತು. ಗೊತ್ತಿರೋದನ್ನೇ ಇನ್ನೊಂದ್ಸಲ ಹೇಳಿಸಿದ್ರೆ ನಾನೇನು ಕಲಿಸಿದ ಹಾಗಾಯ್ತು? ಒಂದು ವಾರ ಟೈಮಿದೆ. ತಂಜಾವೂರಿನ ರೈತ ಏನು ಹೇಳ್ತಾನೆ ತಿಳ್ಕೊಂಡು ಬಾ.”

ವಾರ ಕಳೆದ ಮೇಲೆ ಅದೇ ಹುಡುಗಿ, ಎದೆಯ ಮೇಲೆ ‘ತಮಿಳುನಾಡು’ ಎಂದು ಬರೆದ ರಟ್ಟು ಸಿಕ್ಕಿಸಿಕೊಂಡು ಎದ್ದು ನಿಂತಳು. “ಮೆಟ್ಟೂರು ಅಣೆಕಟ್ಟನ್ನು ಜೂನ್ 12ಕ್ಕೆ ತೆರೆಯುವುದು ವಾಡಿಕೆ. ಅದನ್ನು ನಂಬಿ ನಾವು ಕುರುವೈ ಬೆಳೆಗೆ ಒಟ್ಲು ಬಿಡುತ್ತೇವೆ. ನೀರು ಕೊಡುವುದೇ ಇಲ್ಲ ಅಂತ ನೀವು ಹೇಳುತ್ತಿಲ್ಲ, ಆಮೇಲೆ ಕೊಡುತ್ತೇವೆ ಅನ್ನುತ್ತೀರಿ. ಒಟ್ಲು ಒಣಗಿದ ಮೇಲೆ ಬರುವ ನೀರಲ್ಲಿ ನಾವು ಏನು ಮಾಡೋಣ?”

ಕರ್ನಾಟಕದ ಬೆಂಚು ಒಂದು ಕ್ಷಣ ಸುಮ್ಮನಾಯಿತು. ಸಸಿಮಡಿಗೆ ‘ಒಟ್ಲು’ ಎಂಬುದು ಆ ಹುಡುಗಿ ಪುಸ್ತಕದಲ್ಲಿ ಓದಿದ ಪದವಲ್ಲ, ಅವಳ ಅಪ್ಪನ ಬಾಯಿಯ ಪದ. ಅಪ್ಪನ ಕಷ್ಟ ಹೇಳುವ ಮಾತಿನಲ್ಲೇ ಅವಳು ಎದುರಿನವನ ಕಷ್ಟವನ್ನೂ ಹೇಳಿದ್ದಳು. ಅಣಕು ಸಂಸತ್ತು, ಮಾದರಿ ವಿಶ್ವಸಂಸ್ಥೆ, ಸಂಧಾನದ ಆಟ ಎಂದು ಏನೇ ಹೆಸರಿಡಿ, ಇಂಥ ಕಲಾಪಗಳನ್ನು ಮಕ್ಕಳಿಗೆ ಯಾಕೆ ಆಡಿಸಬೇಕು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಒಂದು ಕ್ಷಣ.

ಸದಸ್ಯರಲ್ಲದವರು ಆಡಿದ ಆಟ

ಈ ಆಟಕ್ಕೆ ನೂರು ವರ್ಷದ ಚರಿತ್ರೆ ಇದೆ. ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘ ಹುಟ್ಟಿತು. 1920ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅದರ ಸಭೆಗಳನ್ನು ತಮ್ಮ ಕಾಲೇಜುಗಳಲ್ಲಿ ಅಭಿನಯಿಸತೊಡಗಿದರು. ಅಮೆರಿಕ ಮಾತ್ರ ಆ ಸಂಘಕ್ಕೆ ಸೇರಲೇ ಇಲ್ಲ. ತಮ್ಮ ಸರ್ಕಾರ ಹೊಗದ ಸಭೆಯಲ್ಲಿ ಆ ಯುವಕ ಯುವತಿಯರು ಬೇರೆ ದೇಶಗಳ ಪರವಾಗಿ ಮಾತಾಡಿದರು. ಎರಡನೇ ಮಹಾಯುದ್ಧದ ಬಳಿಕ ವಿಶ್ವಸಂಸ್ಥೆ ಬಂದಾಗ ಆಟವೂ ಹೆಸರು ಬದಲಿಸಿಕೊಂಡಿತು. ಹಾರ್ವರ್ಡ್‌ನ ರಾಷ್ಟ್ರಮಟ್ಟದ ಮಾದರಿ ವಿಶ್ವಸಂಸ್ಥೆ 1955ರಲ್ಲಿ ಶುರುವಾಯಿತು, ಹೇಗ್ ನಗರದ್ದು 1968ರಲ್ಲಿ. ಇಂದು ಬೆಂಗಳೂರಿನ ಖಾಸಗಿ ಶಾಲೆಯ ಮಕ್ಕಳಿಗೆ ಅದರ ಇಂಗ್ಲಿಷ್ ಮೊದಲಕ್ಷರಗಳ ‘ಮನ್’ ಎಂದರೆ ಸಾಕು, ಬೇರೆ ವಿವರಣೆ ಬೇಕಿಲ್ಲ.

ನಮ್ಮ ದೇಶದಲ್ಲಿ ಇದರ ಇನ್ನೊಂದು ಕವಲು ಯುವ ಸಂಸತ್ತು. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ 1966–67ರಲ್ಲಿ ದೆಹಲಿಯ ಶಾಲೆಗಳಲ್ಲಿ ಇದನ್ನು ಆರಂಭಿಸಿತು. ಮುಂದೆ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳಿಗೂ ಅದು ಹಬ್ಬಿತು.

ಎರಡೂ ಒಳ್ಳೆಯ ಬೀಜಗಳೇ. ಆದರೆ ಬೆಳೆದ ರೀತಿ ನನ್ನನ್ನು ಕಾಡುತ್ತದೆ. ನಗರದ ಅನೇಕ ಸಮ್ಮೇಳನಗಳಿಗೆ ಪ್ರವೇಶ ಶುಲ್ಕವಿದೆ, ಉಡುಪಿನ ನಿಯಮವಿದೆ, ಎಲ್ಲಕ್ಕಿಂತ ಮೊದಲು ಇಂಗ್ಲಿಷ್ ಇದೆ. ಕೊನೆಯ ದಿನ ‘ಅತ್ಯುತ್ತಮ ಪ್ರತಿನಿಧಿ’ ಎಂಬ ಪಾರಿತೋಷಕಕ್ಕಾಗಿ ಎರಡು ದಿನ ಮಕ್ಕಳು ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತಾರೆ. ಯುವ ಸಂಸತ್ತಿನಲ್ಲೋ ಹಲವು ಕಡೆ ಪ್ರಶ್ನೆಯನ್ನೂ ಉತ್ತರವನ್ನೂ ಮೇಷ್ಟ್ರೇ ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮೊದಲನೆಯ ಕಡೆ ಗೆಲ್ಲುವುದು ಗಂಟಲು, ಎರಡನೆಯ ಕಡೆ ನೆನಪಿನ ಶಕ್ತಿ. ಸಂಧಾನ ಎರಡೂ ಕಡೆ ಕಲಿಯದೆ ಉಳಿಯುತ್ತದೆ.

ಮಾತು ನಮ್ಮಲ್ಲೇ ಇದೆ

‘ಇದೆಲ್ಲ ಇಂಗ್ಲಿಷ್ ಮಾಧ್ಯಮದವರ ಆಟ, ನಮ್ಮ ಮಕ್ಕಳಿಗೆ ಆ ಶಬ್ದಗಳೇ ಬರುವುದಿಲ್ಲ’ ಎನ್ನುವ ಶಿಕ್ಷಕರನ್ನು ಕಂಡಿದ್ದೇನೆ. ಅವರಿಗೆ ನಮ್ಮ ವಿಧಾನಸಭೆಯ ಕಲಾಪದ ಒಂದು ದಿನದ ವರದಿ ಓದಿ ಎಂದು ಹೇಳಬೇಕು. ಪ್ರಶ್ನೋತ್ತರ, ಶೂನ್ಯವೇಳೆ, ಕ್ರಿಯಾಲೋಪ, ನಿಲುವಳಿ ಸೂಚನೆ, ಗಮನ ಸೆಳೆಯುವ ಸೂಚನೆ, ತಿದ್ದುಪಡಿ, ಧ್ವನಿಮತ, ಕಡತಕ್ಕೆ ಹೋಗಬಾರದು ಎಂಬ ಆದೇಶ. ಸಭೆ ನಡೆಸಲು ಬೇಕಾದ ಪ್ರತಿಯೊಂದು ಸಲಕರಣೆಗೂ ಕನ್ನಡದಲ್ಲಿ ಬಳಕೆಯ ಹೆಸರಿದೆ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅದರಲ್ಲಿ 144 ಸದಸ್ಯರಿದ್ದರು. ಅಂದಿನಿಂದ ಇಂದಿನವರೆಗೆ ಸಭೆ ಸೇರಿ, ಅಹವಾಲು ಹೇಳಿ, ಉತ್ತರ ಕೇಳಿದ ನಾಡು ಇದು.

ವಾದದ ವಿಧಾನವೂ ನಮಗೆ ಹೊಸದಲ್ಲ. ನಮ್ಮ ಶಾಸ್ತ್ರಚರ್ಚೆಗಳಲ್ಲಿ ಪೂರ್ವಪಕ್ಷ ಎಂಬ ಶಿಸ್ತಿದೆ. ಖಂಡಿಸುವ ಮುಂಚೆ ಎದುರಾಳಿಯ ವಾದವನ್ನು ನಾನೇ ಪೂರ್ತಿಯಾಗಿ, ಅದರ ಬಲ ಕುಂದದಂತೆ ಮಂಡಿಸಬೇಕು. ಅದಾದ ಮೇಲೆಯೇ ನನ್ನ ಸಿದ್ಧಾಂತ. ಶಾಲೆಯ ಕಲಾಪಕ್ಕೆ ಒಂದೇ ಒಂದು ನಿಯಮ ಇಡಬಹುದು ಎಂದಾದರೆ ನಾನು ಇದನ್ನೇ ಇಡುತ್ತೇನೆ. ಉತ್ತರ ಕೊಡಲು ಎದ್ದವರು ಮೊದಲು ಎದುರಿನವರ ಮಾತನ್ನು ಒಂದು ವಾಕ್ಯದಲ್ಲಿ ಹೇಳಲಿ. ಆ ಕಡೆಯವರು “ಹೌದು, ನಾವು ಹೇಳಿದ್ದು ಅದೇ” ಎಂದು ಒಪ್ಪಿದ ಮೇಲೆ ಮಾತ್ರ ಮುಂದುವರಿಯಲಿ. ಮಂಡ್ಯದ ಆ ತರಗತಿಯಲ್ಲಿ ಮೊದಲ ಹತ್ತು ನಿಮಿಷ ಇದರಲ್ಲೇ ಕಳೆಯಿತು. “ಅಲ್ಲ, ನಾವು ಹಂಗೆ ಹೇಳ್ಲಿಲ್ಲ” ಎಂಬ ಮಾತು ಮತ್ತೆ ಮತ್ತೆ ಬಂತು. ಹನ್ನೊಂದನೇ ನಿಮಿಷದಿಂದ ಮಕ್ಕಳು ಕಿವಿಗೊಟ್ಟು ಕೇಳತೊಡಗಿದರು, ಕೇಳದಿದ್ದರೆ ತಮ್ಮ ಸರದಿಯೇ ಬರುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಜಗಳ ಆರಿಸುವುದು

ಕಲಾಪ ಸೋಲುವುದು ಬಹುಪಾಲು ವಿಷಯದ ಆಯ್ಕೆಯಲ್ಲೇ. ‘ವಿಶ್ವಶಾಂತಿ’, ‘ಪರಿಸರ ಸಂರಕ್ಷಣೆ’ ಎಂದು ಕೊಟ್ಟರೆ ಎಲ್ಲರೂ ಒಂದೇ ಭಾಷಣ ಮಾಡುತ್ತಾರೆ, ಜಗಳವೇ ಹುಟ್ಟುವುದಿಲ್ಲ. ಒಳ್ಳೆಯ ವಿಷಯಕ್ಕೆ ಮೂರು ಲಕ್ಷಣ. ಎಲ್ಲ ಪಕ್ಷಗಳ ಕೈಯಲ್ಲೂ ಒಂದಿಷ್ಟು ನ್ಯಾಯ ಇರಬೇಕು, ಹಂಚಬೇಕಾದ ವಸ್ತು ಅಳತೆಗೆ ಸಿಗಬೇಕು, ತೀರ್ಮಾನಕ್ಕೆ ಗಡುವು ಇರಬೇಕು.

ಕಾವೇರಿಯಲ್ಲಿ ಮೂರೂ ಇವೆ. ಮೇಷ್ಟ್ರು ಪ್ರತಿ ತಂಡಕ್ಕೂ ಎರಡೇ ಹಾಳೆ ಕೊಟ್ಟಿದ್ದರು. ಮೊದಲ ಹಾಳೆ ಎಲ್ಲರಿಗೂ ಒಂದೇ. 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು, 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪು. ಒಟ್ಟು 740 ಟಿಎಂಸಿ ನೀರಿನಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕರ್ನಾಟಕ ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಅಳೆದು ವರ್ಷಕ್ಕೆ 177.25 ಟಿಎಂಸಿ ಬಿಡಬೇಕು. ಅದರಲ್ಲಿ ಜೂನ್‌ನ ಪಾಲು 9.19, ಜುಲೈನದು 31.24, ಆಗಸ್ಟ್‌ನದು 45.95. ಎರಡನೇ ಹಾಳೆ ಆಯಾ ತಂಡಕ್ಕೆ ಮಾತ್ರ. ಕರ್ನಾಟಕದ ಹಾಳೆಯಲ್ಲಿ ಕನ್ನಂಬಾಡಿಯ 124.80 ಅಡಿ, ಬೆಂಗಳೂರಿನ ಕುಡಿಯುವ ನೀರು, ನೈಋತ್ಯ ಮಳೆ ಕೈಕೊಟ್ಟರೆ ಬೇರೆ ಆಸರೆ ಇಲ್ಲದ ಸ್ಥಿತಿ. ತಮಿಳುನಾಡಿನ ಹಾಳೆಯಲ್ಲಿ ಮುಖಜಭೂಮಿಯ ಕುರುವೈ, ಸಾಂಬಾ ಬೆಳೆಗಳ ಪಂಚಾಂಗ. ಈಶಾನ್ಯ ಮಳೆ ಬರುವುದು ಅಕ್ಟೋಬರ್ ನಂತರ, ಅಲ್ಲಿಯವರೆಗೆ ಮೆಟ್ಟೂರೇ ಗತಿ. ಪುದುಚೇರಿಯ ಹಾಳೆಯಲ್ಲಿ ಕಾಲುವೆಯ ಕಟ್ಟಕಡೆಯಲ್ಲಿರುವ ಕಾರೈಕಾಲ್.

ಕಲಾಪದ ಪ್ರಶ್ನೆ ಇಷ್ಟೇ: ಮಳೆ ಕಡಿಮೆಯಾದ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ? ದೊಡ್ಡವರು ಇವತ್ತಿಗೂ ಬಿಡಿಸದ ಗಂಟು ಅದು.

ಗಣಿತದ ಮೇಡಂ ಕೂಡ ಬಂದು ಕೂತಿದ್ದರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಹರಿದರೆ ಅಷ್ಟಾಗುತ್ತದೆ. 2023ರ ಬರದ ವರ್ಷ ಪತ್ರಿಕೆಗಳಲ್ಲಿ ಬಂದ ‘15 ದಿನ, ದಿನಕ್ಕೆ 5,000 ಕ್ಯುಸೆಕ್’ ಎಂಬ ಆದೇಶದ ಒಟ್ಟು ನೀರು ಎಷ್ಟು? ಮಕ್ಕಳು ಬೋರ್ಡಿನ ಮೇಲೆ ಗುಣಿಸಿ 6.48 ಟಿಎಂಸಿ ಎಂದು ಕಂಡುಕೊಂಡರು. ಅಷ್ಟು ಹೊತ್ತಿನವರೆಗೆ ‘ಎಲ್ಲಾ ನೀರೂ ಹೋಯ್ತು’ ಎನ್ನುತ್ತಿದ್ದವರ ಬಾಯಲ್ಲೂ, ‘ಒಂದು ತೊಟ್ಟೂ ಕೊಡಲಿಲ್ಲ’ ಎನ್ನುತ್ತಿದ್ದವರ ಬಾಯಲ್ಲೂ ಅಂಕಿ ಬಂದು ಕೂತಿತು. ಅಂಕಿ ಬಂದಾಗ ದನಿ ತಾನಾಗಿ ತಗ್ಗುವುದನ್ನು ನಾನು ನೋಡಿದೆ.

ಆಡಿಸಬಾರದ ವಿಷಯಗಳೂ ಇವೆ. ಜಾತಿ ದೌರ್ಜನ್ಯ, ಕೋಮು ಗಲಭೆ, ನರಮೇಧಗಳಲ್ಲಿ ಕೊಂದವರ ಪಾತ್ರವನ್ನಾಗಲಿ ನೊಂದವರ ಪಾತ್ರವನ್ನಾಗಲಿ ಮಕ್ಕಳಿಗೆ ಕೊಡಬಾರದು. ಅದೇ ತರಗತಿಯಲ್ಲಿ ಆ ನೋವಿನ ಮನೆಯಿಂದಲೇ ಬಂದ ಮಗು ಇರಬಹುದು. ಅನ್ಯಾಯಕ್ಕೆ ಎರಡು ಪಕ್ಷ ಇದೆ ಎಂದು ಕಲಿಸುವುದು ಈ ಆಟದ ಕೆಲಸವಲ್ಲ. ಕೊಡುಕೊಳ್ಳುವಿಕೆಯಿಂದ ಬಗೆಹರಿಯಬಲ್ಲ ತಕರಾರುಗಳೇ ಇದಕ್ಕೆ ತಕ್ಕವು.

ಹನ್ನೊಂದು ದೇಶ, ಮೂವತ್ಮೂರು ಮಕ್ಕಳು

ಅಂತಾರಾಷ್ಟ್ರೀಯ ವಿಷಯವೇ ಬೇಕು ಎನ್ನುವ ಶಾಲೆಗಳಿಗೆ ನಾನು ಹೇಳುವುದು 1950ರ ಜೂನ್ ತಿಂಗಳ ಕೊನೆಯ ವಾರವನ್ನು. ಅದರ ನಡುವೆ ಒಬ್ಬ ಮಂಗಳೂರಿನವರಿದ್ದಾರೆ.

ಬೆನಗಲ್ ನರಸಿಂಗ ರಾವ್ 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ನಮ್ಮ ಸಂವಿಧಾನ ರಚನಾ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದವರು ಅವರೇ. ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. ಭದ್ರತಾ ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ ಸುತ್ತುತ್ತದೆ. 1950ರ ಜೂನ್‌ನಲ್ಲಿ ಆ ಸರದಿ ಭಾರತದ್ದಾಗಿತ್ತು. ಜೂನ್ 25, ಭಾನುವಾರ, ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ಅಂದೇ ಮಂಡಳಿ ಸೇರಿತು, ಅಧ್ಯಕ್ಷರ ಕುರ್ಚಿಯಲ್ಲಿ ರಾವ್.

ಆಗ ಮಂಡಳಿಯಲ್ಲಿದ್ದ ದೇಶಗಳು 11: ಅಮೆರಿಕ, ಬ್ರಿಟನ್, ಫ್ರಾನ್ಸ್, ಚೀನಾ, ಸೋವಿಯತ್ ಒಕ್ಕೂಟ, ಕ್ಯೂಬಾ, ಈಕ್ವೆಡಾರ್, ಈಜಿಪ್ಟ್, ಭಾರತ, ನಾರ್ವೆ, ಯುಗೊಸ್ಲಾವಿಯಾ. ಚೀನಾದ ಕುರ್ಚಿಯಲ್ಲಿದ್ದದ್ದು ತೈವಾನ್‌ಗೆ ಸರಿದಿದ್ದ ಚಿಯಾಂಗ್ ಕೈ-ಶೆಕ್ ಅವರ ಸರ್ಕಾರ. ಅದನ್ನು ಪ್ರತಿಭಟಿಸಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ನಿರ್ಣಯ ಅಂಗೀಕಾರವಾಗಲು 7 ಮತ ಬೇಕಿತ್ತು. ಯುದ್ಧ ನಿಲ್ಲಿಸಿ ಹಿಂದೆ ಸರಿಯಿರಿ ಎಂಬ 25ರ ನಿರ್ಣಯಕ್ಕೆ ಭಾರತವೂ ಸೇರಿ 9 ಮತ ಬಿದ್ದವು, ಯುಗೊಸ್ಲಾವಿಯಾ ತಟಸ್ಥವಾಯಿತು. ಜೂನ್ 27ರಂದು ಇನ್ನೊಂದು ನಿರ್ಣಯ ಬಂತು. ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಎಂದು ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡುವ ನಿರ್ಣಯ, ಅಂದರೆ ಯುದ್ಧಕ್ಕೆ ದಾರಿ. ರಾವ್ ಅವರಿಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಭಾರತ ಮತ್ತು ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ, ಯುಗೊಸ್ಲಾವಿಯಾ ವಿರುದ್ಧ ಮತ ಹಾಕಿತು. ನಿರ್ಣಯಕ್ಕೆ ಬಿದ್ದ ಮತ ಸರಿಯಾಗಿ 7. ಎರಡು ದಿನಗಳ ನಂತರ ಭಾರತ ಅದನ್ನು ಒಪ್ಪಿಕೊಂಡಿತು. ಸೈನ್ಯದ ಬದಲು ವೈದ್ಯಕೀಯ ತುಕಡಿಯನ್ನು ಕೊರಿಯಾಕ್ಕೆ ಕಳಿಸಿತು.

ತರಗತಿಯಲ್ಲಿ ಇದನ್ನು ಹೀಗೆ ಆಡಿಸಬಹುದು. ಹನ್ನೊಂದು ದೇಶಕ್ಕೆ ಮೂರು ಮೂರು ಮಕ್ಕಳು, ಒಟ್ಟು 33. ಪ್ರತಿ ತಂಡದಲ್ಲಿ ಒಬ್ಬರು ಮಾತಾಡುವವರು, ಒಬ್ಬರು ಬರೆಯುವವರು, ಒಬ್ಬರು ಚೀಟಿ ಹಿಡಿದು ಬೇರೆ ತಂಡಗಳ ಬಳಿ ಓಡಾಡುವವರು. ಅರ್ಧ ಗಂಟೆಗೊಮ್ಮೆ ಕೆಲಸ ಬದಲಾಗಬೇಕು. ಭಾರತ ತಂಡ ಏನೇ ಮಾಡಬೇಕಾದರೂ ‘ದೆಹಲಿ’ಗೆ, ಅಂದರೆ ಪಕ್ಕದ ಕೋಣೆಯಲ್ಲಿ ಕೂತ ಇನ್ನೊಬ್ಬ ಶಿಕ್ಷಕರಿಗೆ, ಚೀಟಿ ಕಳಿಸಿ ಉತ್ತರಕ್ಕೆ ಕಾಯಬೇಕು. ಉತ್ತರ ತಡವಾಗಿಯೇ ಬರಲಿ. ಸೋವಿಯತ್ ತಂಡದ ಮೂವರು ಹೊರಗೆ, ಕಿಟಕಿಯ ಬಳಿ ನಿಲ್ಲಲಿ. ಎಲ್ಲವನ್ನೂ ನೋಡಬಹುದು, ಕೇಳಬಹುದು, ಮತ ಮಾತ್ರ ಇಲ್ಲ. ಕೈಯಲ್ಲಿ ವಿಟೋ ಇದ್ದೂ ಹೊರಗೆ ನಿಂತದ್ದರಿಂದ ಏನು ತಪ್ಪಿತು ಎಂದು ಆ ಮೂವರಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಆಗಸ್ಟ್ 1ರ ಚೀಟಿ ಬಂದಾಗ ಅವರು ಒಳಗೆ ಬರುತ್ತಾರೆ, ಬಂದವರೇ ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಾರೆ. ಚರಿತ್ರೆಯಲ್ಲೂ ಆ ತಿಂಗಳ ಸರದಿ ಅವರದೇ ಆಗಿತ್ತು.

ಮಕ್ಕಳು ಚರಿತ್ರೆಯಲ್ಲಿ ಆದಂತೆಯೇ ಮತ ಹಾಕಬೇಕಿಲ್ಲ. ಏಳರಲ್ಲಿ ಒಂದು ಮತ ಅಲುಗಿದರೆ ನಿರ್ಣಯವೇ ಬೀಳುತ್ತದೆ. ನಾರ್ವೆಯಂಥ ಸಣ್ಣ ದೇಶದ ಬೆಂಚಿನ ಸುತ್ತ ಎಲ್ಲರೂ ಮುತ್ತುವುದು ಆಗಲೇ. ಆ ಬೆಂಚಿನಲ್ಲಿ ತರಗತಿಯ ಅತಿ ಮೌನಿ ಮಗುವನ್ನು ಕೂರಿಸಿ ನೋಡಿ.

ಹುಣಸೆ ಬೀಜದ ನಿಯಮ

ಮಾದರಿ ವಿಶ್ವಸಂಸ್ಥೆಯ ನಿಯಮ ಪುಸ್ತಕ ದಪ್ಪಗಿರುತ್ತದೆ. ಮೊದಲ ಸಲ ಆಡುವ ಶಾಲೆಗೆ ಅದರಲ್ಲಿ ನಾಲ್ಕೇ ಸಾಕು.

ಒಂದು, ಹಾಜರಿ. ‘ಹಾಜರ್’ ಎಂದವರು ಮುಂದೆ ತಟಸ್ಥವಾಗಿರಬಹುದು. ‘ಹಾಜರ್, ಮತ ಹಾಕುತ್ತೇವೆ’ ಎಂದವರಿಗೆ ಆ ಅನುಕೂಲ ಇಲ್ಲ, ಪರ ಅಥವಾ ವಿರೋಧ ಹೇಳಲೇಬೇಕು. ಮೊದಲ ನಿಮಿಷದಲ್ಲಿ ಆಡಿದ ಮಾತಿಗೆ ಕೊನೆಯವರೆಗೆ ಬದ್ಧರಾಗುವ ಶಿಸ್ತು ಇದು.

ಎರಡು, ಸರದಿ. ಪ್ರತಿ ತಂಡಕ್ಕೂ ಐದು ಹುಣಸೆ ಬೀಜ ಕೊಡಿ. ಒಂದು ಸಲ ಮಾತಾಡಿದರೆ ಒಂದು ಬೀಜ ಅಧ್ಯಕ್ಷರ ಮೇಜಿಗೆ. ಒಂದು ಬೀಜಕ್ಕೆ ಒಂದೂವರೆ ನಿಮಿಷ. ಬಾಯಿ ಜೋರಿನವರ ಬೀಜ ಬೇಗ ಮುಗಿಯುತ್ತದೆ, ಸುಮ್ಮನೆ ಕೂತವರ ಬಳಿ ಉಳಿದಿರುತ್ತದೆ. ಕೊನೆಯ ಅರ್ಧ ಗಂಟೆ ಸಭೆ ತಾನಾಗಿ ಅವರ ಕೈಗೆ ಬರುತ್ತದೆ.

ಮೂರು, ಬಿಡುವು. ಪ್ರತಿ ಇಪ್ಪತ್ತು ನಿಮಿಷಕ್ಕೆ ಹತ್ತು ನಿಮಿಷ ಅಧ್ಯಕ್ಷರು ಸಭೆ ಬಿಡುತ್ತಾರೆ. ಮಕ್ಕಳು ಎದ್ದು ಓಡಾಡಲಿ, ಗುಂಪು ಕಟ್ಟಲಿ, ಪಿಸುಗುಟ್ಟಲಿ. ಹೊರಗಿನವರಿಗೆ ಇದು ಗಲಾಟೆಯಂತೆ ಕಾಣುತ್ತದೆ. ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿರುವುದು ಒಳ್ಳೆಯದು, ಏಕೆಂದರೆ ಆ ದಿನದ ಅಸಲಿ ಸಂಧಾನ ನಡೆಯುವುದು ಈ ಹತ್ತು ನಿಮಿಷಗಳಲ್ಲೇ.

ನಾಲ್ಕು, ಕರಡು. ಸಂಜೆಯ ಹೊತ್ತಿಗೆ ಎಲ್ಲ ಮಾತೂ ಒಂದು ಹಾಳೆಗೆ ಇಳಿಯಬೇಕು. ಯಾರು, ಏನನ್ನು, ಯಾವಾಗ, ಎಷ್ಟು ಎಂಬ ನಾಲ್ಕಕ್ಕೆ ಉತ್ತರವಿಲ್ಲದ ಕಲಮನ್ನು ಅಧ್ಯಕ್ಷರು ವಾಪಸು ಕಳಿಸಬೇಕು. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಮಕ್ಕಳು ಬರೆದೇ ಬರೆಯುತ್ತಾರೆ, ಅದನ್ನು ಅವರು ನಮ್ಮಿಂದಲೇ ಕಲಿತದ್ದು. ‘ಯಾವ ಕ್ರಮ?’ ಎಂದು ಕೇಳಿ ಹಾಳೆ ಹಿಂತಿರುಗಿಸಿ. ‘ಒತ್ತಾಯಿಸುತ್ತದೆ’ ಎಂದು ಬರೆಯುವುದೋ, ‘ಕೋರುತ್ತದೆ’ ಎಂದು ಬರೆಯುವುದೋ ಎಂಬ ಚರ್ಚೆ ಕಾಲು ಗಂಟೆ ಎಳೆದರೆ ಬೇಸರಪಡಬೇಡಿ. ಒಂದು ಕ್ರಿಯಾಪದದ ತೂಕ ಮಕ್ಕಳಿಗೆ ಇಷ್ಟು ಸ್ಪಷ್ಟವಾಗಿ ತಿಳಿಯುವ ಸಂದರ್ಭ ಭಾಷಾ ಪಾಠದಲ್ಲೂ ಸಿಗುವುದಿಲ್ಲ.

ಇನ್ನು ಮತದಾನ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಹೆಚ್ಚಿನ ನಿರ್ಣಯಗಳು ಮತಕ್ಕೆ ಹೋಗದೆ ಒಮ್ಮತದಿಂದಲೇ ಅಂಗೀಕಾರವಾಗುತ್ತವೆ. ಶಾಲೆ ಕಾಲೇಜುಗಳ ಮಾದರಿ ಸಭೆಗಳು ಮತದಾನದ ರೋಚಕತೆಯ ಹಿಂದೆ ಬಿದ್ದು ಇದನ್ನು ಮರೆತಿವೆ ಎಂದೇ ವಿಶ್ವಸಂಸ್ಥೆ ತಾನೇ 2020ರಲ್ಲಿ ಒಂದು ಕೈಪಿಡಿ ಹೊರತಂದಿತು. ಒಮ್ಮತ ಎಂದರೆ ಎಲ್ಲರಿಗೂ ಇಷ್ಟವಾಯಿತು ಎಂದಲ್ಲ, ಇದರ ಜೊತೆ ಬದುಕಬಲ್ಲೆವು ಎಂದು ಎಲ್ಲರೂ ಒಪ್ಪಿದರು ಎಂದು. ಕೂಡು ಕುಟುಂಬದಲ್ಲಿ ಬೆಳೆದ ಮಗುವಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಅಧ್ಯಕ್ಷರ ಕುರ್ಚಿಯಲ್ಲಿ ಶಿಕ್ಷಕರು ಕೂರಬಾರದು. ಇಬ್ಬರು ಮಕ್ಕಳನ್ನು ಒಂದು ವಾರ ಮೊದಲೇ ತಯಾರು ಮಾಡಿ ಕೂರಿಸಿ. ಶಿಕ್ಷಕರ ಕೆಲಸ ಗೋಡೆ ಪಕ್ಕ ನಿಂತು ‘ಈ ವಾರ ಕೊಡಗಿನಲ್ಲಿ ಮಳೆ ಇಲ್ಲ’ ಎಂಬಂಥ ಚೀಟಿಯನ್ನು ಸಮಯ ನೋಡಿ ಒಳಗೆ ಬಿಡುವುದು. ಸಭೆ ಹಳಿ ತಪ್ಪಿದಾಗಲೂ ಐದು ನಿಮಿಷ ಕಾಯಬೇಕು. ಹಳಿಗೆ ಮರಳುವುದನ್ನು ಮಕ್ಕಳು ಕಲಿಯಬೇಕಲ್ಲ.

ಅಣಕು, ಅಣಕಿಸುವುದಲ್ಲ

ಈ ಆಟದಲ್ಲಿ ನಿಜವಾದ ಅಪಾಯವೊಂದಿದೆ, ಅದು ನಮ್ಮ ಪದದಲ್ಲೇ ಅಡಗಿದೆ. ‘ಅಣಕು’ ಎಂದರೆ ಅನುಕರಣೆ, ‘ಅಣಕಿಸು’ ಎಂದರೆ ಗೇಲಿ. ಒಂದು ಕಾಲೇಜಿನ ಕಲಾಪದಲ್ಲಿ ಪಾಕಿಸ್ತಾನದ ಪಾತ್ರ ಸಿಕ್ಕ ವಿದ್ಯಾರ್ಥಿ ಸಿನಿಮಾ ಖಳನಂತೆ ಮೀಸೆ ತಿರುವುತ್ತ ಮಾತಾಡಿದ್ದನ್ನೂ, ಸಭೆ ಚಪ್ಪಾಳೆ ತಟ್ಟಿದ್ದನ್ನೂ ಕಂಡು ನನಗೆ ಸಂಕಟವಾಯಿತು. ಇಡೀ ದಿನ ಒಬ್ಬರಿಗೂ ಏನೂ ಹೊಸದು ತಿಳಿಯಲಿಲ್ಲ. ಇದ್ದ ದ್ವೇಷಕ್ಕೆ ಒಂದು ವೇದಿಕೆ ಸಿಕ್ಕಿತು ಅಷ್ಟೇ.

ಇದಕ್ಕೆ ಮದ್ದು ತಯಾರಿಯಲ್ಲಿದೆ. ಕಲಾಪಕ್ಕೆ ಮುಂಚೆ ಪ್ರತಿ ತಂಡವೂ ಒಂದು ಪುಟ ಬರೆಯಬೇಕು: ನಮಗೆ ಬೇಕಾದದ್ದು ಏನು, ನಮ್ಮ ಭಯ ಏನು, ಏನನ್ನು ಬಿಟ್ಟುಕೊಡಬಲ್ಲೆವು, ಏನನ್ನು ಬಿಟ್ಟರೆ ಊರಿಗೆ ಹೋಗಿ ಮುಖ ತೋರಿಸಲಾರೆವು. ಎರಡನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರೆದ ಮಗು ಆಮೇಲೆ ಆ ಪಾತ್ರವನ್ನು ಗೇಲಿ ಮಾಡಲಾರದು. ಬಹುಮಾನ ಕೊಡಲೇಬೇಕೆಂದರೆ ಮಾತಿಗೆ ಬೇಡ. ‘ನಮ್ಮ ಮಾತನ್ನು ಅತಿ ಚೆನ್ನಾಗಿ ಕೇಳಿಸಿಕೊಂಡವರು ಯಾರು?’ ಎಂದು ಪ್ರತಿ ತಂಡದಿಂದ ಎದುರು ತಂಡದ ಒಬ್ಬರ ಹೆಸರು ಬರೆಸಿ, ಹೆಚ್ಚು ಚೀಟಿ ಬಂದವರಿಗೆ ಒಂದು ಪುಸ್ತಕ ಕೊಡಿ. ಬಹುಮಾನ ಯಾವುದಕ್ಕೆ ಎಂದು ಗೊತ್ತಾದ ಕೂಡಲೇ ಮಕ್ಕಳ ಆಟವೂ ಆ ಕಡೆ ತಿರುಗುತ್ತದೆ.

ಕೊನೆಯ ಒಂದು ಗಂಟೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಎದೆಯ ರಟ್ಟು ಕಳಚಿ ಮೇಜಿನ ಮೇಲೆ ಇಡಬೇಕು, ಬೆಂಚುಗಳನ್ನು ಸರಿಸಿ ವೃತ್ತವಾಗಿ ಕೂರಬೇಕು. ಇನ್ನು ಯಾರೂ ತಮಿಳುನಾಡಲ್ಲ, ಕರ್ನಾಟಕವಲ್ಲ. ಯಾವ ಮಾತು ನಿನಗೆ ಹೇಳಲು ಕಷ್ಟವಾಯಿತು? ಎದುರಿನವರ ಯಾವ ಮಾತಿಗೆ ನಿನ್ನಲ್ಲಿ ಉತ್ತರ ಇರಲಿಲ್ಲ? ಈಗ ನೀನು ನೀನಾಗಿ ಏನು ಹೇಳುತ್ತೀಯ? ಈ ಮೂರು ಪ್ರಶ್ನೆಗೆ ಎಲ್ಲರೂ ಉತ್ತರಿಸಬೇಕು. ಪಾತ್ರ ಕಳಚದೆ ಮನೆಗೆ ಹೋದ ಮಗು ಜಗಳವನ್ನೂ ಮನೆಗೆ ಒಯ್ಯುತ್ತದೆ.

ಆಟದ ಆಚೆ

ಇದೆಲ್ಲ ಶಾಲೆಯ ನಾಲ್ಕು ಗೋಡೆಯೊಳಗೆ ಮುಗಿದುಹೋಗುವ ಆಟವೇ ಎಂದು ಕೇಳುವವರಿಗೆ ಎರಡು ಮಾತು.

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಶಾಲೆಯ ಶೌಚಾಲಯ, ಬಸ್ಸು, ದಾರಿದೀಪ, ಹೆಂಡದಂಗಡಿ ಎಂದು ಮಕ್ಕಳು ತಮ್ಮ ಅಹವಾಲನ್ನು ಅಧ್ಯಕ್ಷರ ಮುಂದೆ, ಪಿಡಿಒ ಮುಂದೆ ನೇರವಾಗಿ ಇಡುವ ಸಭೆ ಅದು. ಅಲ್ಲಿ ನಡುಗುವ ದನಿಯಲ್ಲಿ ‘ಸೌಲಭ್ಯ ಕೊಡಿ’ ಎಂದು ಕೇಳಿ ಕೂರುವುದಕ್ಕೂ, ‘ಈ ಕೆಲಸಕ್ಕೆ ಇಷ್ಟು ಖರ್ಚು, ಇಂಥ ತಿಂಗಳೊಳಗೆ ಮುಗಿಯಬೇಕು, ಆಗದಿದ್ದರೆ ಯಾಕೆಂದು ಬರೆದುಕೊಡಿ’ ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಕರಡು ಬರೆಯಲು ಕಲಿತ ಮಕ್ಕಳು ಎರಡನೆಯ ರೀತಿ ಕೇಳುತ್ತಾರೆ.

ಇನ್ನೊಂದು, ದೊಡ್ಡವರದೇ ಸಂಗತಿ. ಕಾವೇರಿ ಕಣಿವೆ ಬರದಲ್ಲಿ ಬೆಂದು, ಎರಡೂ ರಾಜ್ಯಗಳ ಬೀದಿಗಳು ಕಾದಿದ್ದ ಹೊತ್ತಿನಲ್ಲಿ, 2003ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ರೈತರು ಒಟ್ಟಿಗೆ ಕೂತು ಮಾತಾಡಲು ಆರಂಭಿಸಿದರು. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ವಿದ್ವಾಂಸ ಎಸ್. ಜನಕರಾಜನ್ ಅದಕ್ಕೆ ಸೇತುವೆಯಾಗಿದ್ದರು. ‘ಕಾವೇರಿ ಕುಟುಂಬ’ ಎಂದು ಆ ಬಳಗದ ಹೆಸರಾಯಿತು. ಇವರು ಅವರ ಗದ್ದೆ ನೋಡಿದರು, ಅವರು ಇವರ ಗದ್ದೆ ನೋಡಿದರು. ನದಿಯ ವ್ಯಾಜ್ಯ ಅದರಿಂದ ಮುಗಿಯಲಿಲ್ಲ. ಆದರೆ ಎದುರು ಕುರ್ಚಿಯಲ್ಲಿ ಕೂತವನೂ ಒಟ್ಲು ಬಿಡುವವನೇ ಎಂದು ಎರಡೂ ಕಡೆಯ ರೈತರು ಕಣ್ಣಾರೆ ಕಂಡರು. ಅದನ್ನು ಹದಿನಾಲ್ಕನೇ ವಯಸ್ಸಿನಲ್ಲೇ ಕಂಡವರು ಮುಂದೆ ಎಂಜಿನಿಯರ್, ವಕೀಲ, ಪತ್ರಕರ್ತೆ, ಪಂಚಾಯಿತಿ ಸದಸ್ಯೆ ಆದಾಗ ನದಿಯ ಮಾತನ್ನು ಬೇರೆ ದನಿಯಲ್ಲಿ ಆಡುತ್ತಾರೆಂದು ನಾನು ನಂಬಿದ್ದೇನೆ.

ಮಂಡ್ಯದ ಆ ತರಗತಿಯಲ್ಲಿ ಅಂದು ಒಪ್ಪಂದ ಪೂರ್ತಿ ಆಗಲಿಲ್ಲ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಬೋರ್ಡಿನ ಮೇಲೆ ಮೂರು ಕಲಮು ಇದ್ದವು. ಎಲ್ಲ ಅಣೆಕಟ್ಟುಗಳ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಎಲ್ಲ ರಾಜ್ಯಗಳ ಎಂಜಿನಿಯರುಗಳು ಸೇರಿ ಅಳೆಯಬೇಕು ಎಂಬ ಮೊದಲನೆಯದಕ್ಕೆ ಎಲ್ಲರೂ ಸಹಿ ಹಾಕಿದ್ದರು. ಕುಡಿಯುವ ನೀರನ್ನು ಮೊದಲು ಎತ್ತಿಡಬೇಕು ಎಂಬ ಎರಡನೆಯದಕ್ಕೂ ಸಹಿ ಬಿದ್ದಿತ್ತು. ಮೂರನೆಯದು: ‘ಮಳೆ ಕಡಿಮೆಯಾದ ತಿಂಗಳಲ್ಲಿ ಕೊರತೆಯನ್ನು ____ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು’. ಆ ಖಾಲಿ ಜಾಗಕ್ಕೆ ಹತ್ತಾರು ಅಂಕಿ ಬರೆದು ಅಳಿಸಿದ್ದರು, ಸೀಮೆಸುಣ್ಣದ ಬಿಳಿ ಮೋಡದ ಹಾಗೆ ಕಟ್ಟಿಕೊಂಡಿತ್ತು.

ಲಾಂಗ್ ಬೆಲ್ ಹೊಡೆಯಿತು. ಮೇಷ್ಟ್ರು ಡಸ್ಟರ್ ಎತ್ತಿಕೊಂಡರು. ಎದೆಯ ರಟ್ಟು ಕಳಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಆ ಹುಡುಗಿ ತಿರುಗಿ ನೋಡಿದಳು. ಕರ್ನಾಟಕದ ಬೆಂಚಿನ ಹುಡುಗನೊಬ್ಬ ಅವಳ ಪಕ್ಕದಲ್ಲೇ ನಿಂತಿದ್ದ. ಇಬ್ಬರೂ ಒಟ್ಟಿಗೇ ಹೇಳಿದರು:

“ಒರೆಸಬ್ಯಾಡಿ ಸಾರ್. ಸೋಮವಾರ ನೋಡ್ತೀವಿ.”